ಕಡಲ ತಳದ ಕೆಸರಿನಲ್ಲಿ ಹಳೆಯ ಮಳೆಗಾಲ ಹುಡುಕುವುದು ಹೇಗೆ? ಕಾರವಾರದ ಎದುರಿನ ಅರಬ್ಬಿ ಸಮುದ್ರಕ್ಕೊಂದು ಸಮಗ್ರ ಮಾರ್ಗದರ್ಶಿ

ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಐದು ಸಾವಿರ ವರ್ಷದ ಹಿಂದೆ ಶಿರಸಿಯಲ್ಲಿ ಮಳೆ ಈಗಿಗಿಂತ ಜಾಸ್ತಿ ಇತ್ತೋ ಕಡಿಮೆ ಇತ್ತೋ ಎಂದು ಕೇಳಿದರೆ ಯಾವ ಮಳೆಮಾಪಕವೂ ಉತ್ತರ ಕೊಡುವುದಿಲ್ಲ. ಆದರೆ ಘಟ್ಟದ ಮೇಲೆ ಬಿದ್ದ ಮಳೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ದಾರಿಯಲ್ಲಿ ಕಡಲಿಗೇ ಬರಬೇಕು. ಬಂದಾಗ ಕಡಲಿನ ಮೇಲ್ಪದರದ ನೀರಿನ ಗುಣ ಸ್ವಲ್ಪ ಬದಲಾಗುತ್ತದೆ. ಆ ನೀರಿನಲ್ಲಿ ಬದುಕಿದ ಸಣ್ಣ ಜೀವಿಗಳ ಚಿಪ್ಪಿನಲ್ಲಿ ಆ ಬದಲಾವಣೆ ಉಳಿದುಕೊಳ್ಳುತ್ತದೆ. ಚಿಪ್ಪು ತಳಕ್ಕೆ ಬಿದ್ದು ಕೆಸರಿನಲ್ಲಿ ಹೂತುಹೋಗುತ್ತದೆ. ನಾವು ಓದುವುದು ಅದನ್ನೇ.

ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ ಓದುತ್ತಿರುವವರಿಗೆ, ಭೂವಿಜ್ಞಾನದ ವಿದ್ಯಾರ್ಥಿಗಳಿಗೆ, ಸುಮ್ನೆ ಕುತೂಹಲ ಇರುವವರಿಗೂ ಉಪಯೋಗವಾಗಲಿ ಎಂದು ಈ ಬರಹ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಿಪ್ಪಿನಿಂದ ಬರುವ ಅಂಕಿ ಮಳೆಯ ಅಂಕಿ ಅಲ್ಲ. ಅದು ಬರೀ ಒಟ್ಟು ಮೊತ್ತ ಬರೆದಿರುವ ಅಂಗಡಿ ಬಿಲ್ಲು. ಧ್ರುವದ ಹಿಮ, ನೀರಿನ ಬಿಸಿ, ನಮ್ಮೂರಿನ ಮಳೆ, ಮೂರೂ ಅದರಲ್ಲಿ ಸೇರಿಕೊಂಡಿವೆ. ಯಾವುದಕ್ಕೆ ಎಷ್ಟು ಎಂದು ಬಿಡಿಸುವುದೇ ನಿಜವಾದ ಕೆಲಸ. ಉಳಿದದ್ದೆಲ್ಲ ಅದಕ್ಕೆ ತಯಾರಿ.

ಬುನಾದಿ: ಎರಡು ಬಗೆಯ ಆಕ್ಸಿಜನ್

ಪ್ರಕೃತಿಯಲ್ಲಿರುವ ಆಕ್ಸಿಜನ್‌ನಲ್ಲಿ ಸುಮಾರು 99.76 ಶೇಕಡಾ ಆಕ್ಸಿಜನ್-16. ಆಕ್ಸಿಜನ್-18 ಇರುವುದು ಬರೀ 0.2 ಶೇಕಡಾ. ರಾಸಾಯನಿಕವಾಗಿ ಎರಡೂ ಒಂದೇ, ತೂಕ ಮಾತ್ರ ಬೇರೆ. ಇಂಥ ಬಗೆಗಳನ್ನು ಐಸೋಟೋಪ್ ಎನ್ನುತ್ತಾರೆ. ಕಡಲ ನೀರು ಆವಿಯಾಗುವಾಗ ಹಗುರದ್ದು ಸುಲಭವಾಗಿ ಮೇಲೇಳುತ್ತದೆ. ಮೋಡ ಮಳೆ ಸುರಿಸುವಾಗ ಭಾರದ್ದು ಮೊದಲು ಬೀಳುತ್ತದೆ. ಹಾಗಾಗಿ ಮೋಡ ಮುಂದೆ ಹೋದಷ್ಟೂ, ಮಳೆ ಸುರಿದಷ್ಟೂ, ಅದರಲ್ಲಿ ಉಳಿದ ಆವಿ ಹಗುರಾಗುತ್ತದೆ. ಧ್ರುವಕ್ಕೆ ತಲುಪಿ ಹಿಮವಾಗಿ ಬೀಳುವ ಹೊತ್ತಿಗೆ ತೀರಾ ಹಗುರ.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಹಿಮಯುಗದಲ್ಲಿ ಹಗುರ ನೀರು ಹಿಮದ ಹಾಸಾಗಿ ನೆಲದ ಮೇಲೆ ಕೂತುಬಿಡುತ್ತದೆ, ಆಗ ಇಡೀ ಜಗತ್ತಿನ ಕಡಲು ಆಕ್ಸಿಜನ್-18ರ ಲೆಕ್ಕದಲ್ಲಿ ಭಾರವಾಗುತ್ತದೆ. ಇನ್ನೊಂದು, ಜೋರು ಮುಂಗಾರಿನ ನದಿ ನೀರು ಕಡಲ ನೀರಿಗಿಂತ ಹಗುರ. ಅದು ಬಂದು ಸೇರಿದ ಕಡೆ ಮೇಲ್ಪದರವೂ ಹಗುರಾಗುತ್ತದೆ. ಇದರ ಮೇಲೆ ಚಿಪ್ಪು ಕಟ್ಟುವಾಗಿನ ನೀರಿನ ಬಿಸಿಯೂ ಕೈಯಾಡಿಸುತ್ತದೆ: ನೀರು ತಣ್ಣಗಾದಷ್ಟೂ ಚಿಪ್ಪಿಗೆ ಆಕ್ಸಿಜನ್-18 ಜಾಸ್ತಿ ಸೇರುತ್ತದೆ.

ಅಳತೆಯನ್ನು ಡೆಲ್ಟಾ ಎಂಬ ಅಂಕಿಯಲ್ಲಿ ಹೇಳುತ್ತಾರೆ. ನಿಮ್ಮ ಮಾದರಿಯಲ್ಲಿರುವ 18 ಮತ್ತು 16ರ ಅನುಪಾತ, ಒಪ್ಪಿಕೊಂಡ ಒಂದು ಪ್ರಮಾಣ ವಸ್ತುವಿಗಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದೇ ಡೆಲ್ಟಾ. ಗುರುತು ‰. ಮೊದಲಿಗೆ ಪ್ರಮಾಣವಾಗಿ ಇಟ್ಟುಕೊಂಡದ್ದು ಅಮೆರಿಕದ ದಕ್ಷಿಣ ಕ್ಯಾರೊಲೈನಾದ ಪೀಡೀ ಶಿಲೆಯಲ್ಲಿ ಸಿಕ್ಕ ಬೆಲೆಮ್ನೈಟ್ ಎಂಬ ಪಳೆಯುಳಿಕೆಯನ್ನು. ನಮ್ಮ ಮೀನು ಮಾರುಕಟ್ಟೆಯ ಬೊಂಡಾಸಿನ ದೂರದ ಸಂಬಂಧಿ ಅದು!

ಚಿಪ್ಪಿನ ಆಕ್ಸಿಜನ್ನಿನಿಂದ ಹಳೆಯ ಕಡಲಿನ ಬಿಸಿ ಅಳೆಯಬಹುದು ಎಂದು 1947ರಲ್ಲಿ ಹೇಳಿದವರು ಹೆರಾಲ್ಡ್ ಯೂರಿ. 1955ರಲ್ಲಿ ಸೀಸರೆ ಎಮಿಲಿಯಾನಿ ಅದನ್ನು ಆಳಸಮುದ್ರದ ಕೋರ್‌ಗಳಿಗೆ, ಅಂದರೆ ತಳದಿಂದ ಎತ್ತಿದ ಕೆಸರಿನ ಕಂಬಗಳಿಗೆ, ಅನ್ವಯಿಸಿದರು. ಏರಿಳಿತದಲ್ಲಿ ದೊಡ್ಡ ಪಾಲು ಬಿಸಿಯದ್ದು ಎಂದು ಅವರು ನಂಬಿದ್ದರು. 1967ರಲ್ಲಿ ನಿಕೊಲಸ್ ಶ್ಯಾಕಲ್ಟನ್ ತಿದ್ದಿದರು: ದೊಡ್ಡ ಪಾಲು ಹಿಮದ್ದು. ನೋಡಿ, ಬಿಲ್ಲು ಬಿಡಿಸುವ ಜಗಳ ಈ ವಿಷಯದ ಹುಟ್ಟಿನಿಂದಲೇ ಇದೆ. 1976ರಲ್ಲಿ ಹೇಸ್, ಇಂಬ್ರಿ, ಶ್ಯಾಕಲ್ಟನ್ ಸೇರಿ ಹಿಮಯುಗಗಳ ತಾಳ ಭೂಮಿಯ ಕಕ್ಷೆಯ ಬದಲಾವಣೆಗೆ ಹೊಂದುತ್ತದೆ ಎಂದು ತೋರಿಸಿದರು. ಸುಮಾರು 1,00,000, 41,000, 23,000 ವರ್ಷಗಳ ಆವರ್ತ. ಅವರು ಬಳಸಿದ ಕೋರ್‌ಗಳು ಹಿಂದೂ ಮಹಾಸಾಗರದ ದಕ್ಷಿಣ ಭಾಗದವು.

ಹಂತ 1: ಜಾಗ ಆರಿಸುವುದು

ಕಾರವಾರದಲ್ಲಿ ಕೂತು ಯೋಚಿಸುವವರಿಗೆ ಮೊದಲು ಹೊಳೆಯುವುದು ಕಾಳಿ ಅಳಿವೆ. ಹತ್ತಿರ, ದೋಣಿ ಸಿಗುತ್ತದೆ, ಕೆಸರು ಬೇಕಾದಷ್ಟಿದೆ. ಈ ಕೆಲಸಕ್ಕೆ ಅದು ಬೇಡ. ಅಳಿವೆಯಲ್ಲಿ ಉಪ್ಪಿನ ಅಂಶ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ನೆರೆ ಬಂದರೆ ಪದರ ಕೊಚ್ಚಿಹೋಗುತ್ತದೆ, ತೆರೆದ ಕಡಲಿನ ಫೊರಾಮಿನಿಫೆರಾಗಳು (ಮೇಲೆ ಹೇಳಿದ ಚಿಪ್ಪಿನ ಸಣ್ಣ ಜೀವಿಗಳು, ಚುಟುಕಾಗಿ ಫೊರಾಮ್) ಅಲ್ಲಿ ಬದುಕುವುದಿಲ್ಲ.

ಇನ್ನೂ ಸ್ವಲ್ಪ ಮುಂದೆ ಹೋದರೆ? ಭೂಖಂಡದ ಅಂಚಿನ ಆಳವಿಲ್ಲದ ಹಾಸು ಸಿಗುತ್ತದೆ. ಅಲ್ಲೊಂದು ಬೇರೆ ತೊಂದರೆ. ಕಳೆದ ಹಿಮಯುಗದ ಉತ್ತುಂಗದಲ್ಲಿ, ಸುಮಾರು 20,000 ವರ್ಷದ ಹಿಂದೆ, ಕಡಲ ಮಟ್ಟ ಈಗಿಗಿಂತ ಹೆಚ್ಚುಕಡಿಮೆ 120 ಮೀಟರ್ ಕೆಳಗಿತ್ತು. ಆಗ ಕಾರವಾರದ ತೀರ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು. ಕೂರ್ಮಗಡ, ಅಂಜದೀವಿ ದ್ವೀಪಗಳಲ್ಲ, ಒಣನೆಲದ ಗುಡ್ಡಗಳು. ನೆಲವಾಗಿದ್ದ ಕಡೆ ಕಡಲಿನ ದಾಖಲೆ ಎಲ್ಲಿಂದ ಬರಬೇಕು, ಅಲ್ವಾ? ಇತ್ತೀಚಿನ ಕೆಲವು ಸಾವಿರ ವರ್ಷಗಳಿಗೆ ಮಾತ್ರ ಈ ಹಾಸು ಒಳ್ಳೆಯದು.

ಹಿಮಯುಗದವರೆಗೆ ಹೋಗಬೇಕಾದರೆ ಹಾಸು ಮುಗಿದು ತಳ ಇಳಿಯುವ ಇಳಿಜಾರಿಗೆ ಹೋಗಿ. ಕೆಲವು ನೂರು ಮೀಟರಿನಿಂದ ಒಂದೆರಡು ಸಾವಿರ ಮೀಟರ್ ಆಳ. ಇಲ್ಲಿ ಎರಡು ಲಾಭ. ಘಟ್ಟದ ಮಣ್ಣು ಬರುವುದರಿಂದ ಕೆಸರು ಬೇಗ ಕೂಡಿಕೊಳ್ಳುತ್ತದೆ. ಜೊತೆಗೆ ಅರಬ್ಬಿ ಸಮುದ್ರದ ಮಧ್ಯದ ಆಳದಲ್ಲಿ, ಸುಮಾರು 150ರಿಂದ 1200 ಮೀಟರ್ ನಡುವೆ, ಆಮ್ಲಜನಕ ತೀರಾ ಕಡಿಮೆ. ಕೆಸರು ಕೊರೆಯುವ ಹುಳುಗಳೂ ಅಲ್ಲಿ ಕಡಿಮೆ, ಹಾಗಾಗಿ ಪದರ ಕಲೆಸುವುದು ತಪ್ಪುತ್ತದೆ. ನಿಜವಾದ ಆಳಸಮುದ್ರದಲ್ಲಿ ಸಾವಿರ ವರ್ಷಕ್ಕೆ ಬರೀ ಎರಡು ಸೆಂಟಿಮೀಟರ್ ಕೆಸರು ಕೂಡಿಕೊಂಡು, ಹುಳುಗಳು ಮೇಲಿನ ಹತ್ತು ಸೆಂಟಿಮೀಟರ್ ಕಲೆಸಿದರೆ 5000 ವರ್ಷದ ಹವೆ ಒಂದೇ ಮುದ್ದೆಯಾಗಿಬಿಡುತ್ತದೆ.

ಲಕ್ಷಾಂತರ ವರ್ಷಗಳ ಕಥೆ ಬೇಕೆಂದರೆ ಮಾತ್ರ ಇನ್ನೂ ಆಳಕ್ಕೆ ಹೋಗಬೇಕು, ಅದು ದೊಡ್ಡ ಹಡಗಿನ ಕೆಲಸ. 2015ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಅರಬ್ಬಿ ಸಮುದ್ರದ ಲಕ್ಷ್ಮಿ ಜಲಾನಯನದಲ್ಲಿ ಸುಮಾರು 3600 ಮೀಟರ್ ನೀರಿನ ಕೆಳಗೆ ತಳವನ್ನು 1100 ಮೀಟರಿಗೂ ಜಾಸ್ತಿ ಕೊರೆಯಿತು. ಸಿಂಧೂ ನದಿ ತಂದ ಮಣ್ಣು ಅಲ್ಲಿಯವರೆಗೂ ಹರಡಿದೆ. ಕುಸಿದು ಹರಿದುಬಂದ ಮಣ್ಣಿನ ಪದರಗಳನ್ನು ಗುರುತಿಸಿ ಬಿಡಬೇಕು, ಅವು ಕಾಲಕ್ರಮದಲ್ಲಿ ಕೂತವಲ್ಲ.

ಹಂತ 2: ಕೋರ್ ತೆಗೆದು ಕತ್ತರಿಸುವುದು

ಇದು ನಿಮ್ಮೊಬ್ಬರ ಕೆಲಸ ಅಲ್ಲ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಿಂಧು ಸಾಧನಾ, ಸಿಂಧು ಸಂಕಲ್ಪದಂಥ ಹಡಗುಗಳು ಬೇಕು. ಭಾರದ ಕೊಳವೆಯನ್ನು ತಳಕ್ಕೆ ಬಿಟ್ಟು ಕೆಸರಿನ ಕಂಬ ಎತ್ತುತ್ತಾರೆ. ಕಂಬವನ್ನು ಉದ್ದಕ್ಕೆ ಸೀಳಿ ಒಂದು ಅರ್ಧವನ್ನು ಮುಟ್ಟದೆ ಕಾದಿಡಬೇಕು. ಇನ್ನೊಂದನ್ನು ಒಂದು ಅಥವಾ ಎರಡು ಸೆಂಟಿಮೀಟರಿನ ತುಂಡು ಮಾಡಿ. ಕತ್ತರಿಸುವ ಮೊದಲು ಫೋಟೋ ಮತ್ತು ಬಣ್ಣದ ಟಿಪ್ಪಣಿ ಮರೆಯಬೇಡಿ, ಹಸಿ ಕೆಸರಿನ ಬಣ್ಣ ಗಾಳಿ ತಾಗಿದ ಮೇಲೆ ಬದಲಾಗುತ್ತದೆ. ಕೊಳವೆಯ ಗೋಡೆಗೆ ಉಜ್ಜಿಕೊಂಡ ಹೊರಗಿನ ಕೆಸರನ್ನು ಬಿಟ್ಟು ಒಳಗಿನದ್ದು ಮಾತ್ರ ತೆಗೆದುಕೊಳ್ಳಿ.

ಹಂತ 3: ತೊಳೆದು ಚಿಪ್ಪು ಆರಿಸುವುದು

ಮಾದರಿಯನ್ನು 50 ಡಿಗ್ರಿ ಸೆಲ್ಸಿಯಸ್ ಒಳಗೆ ಒಣಗಿಸಿ ತೂಕ ಬರೆದುಕೊಳ್ಳಿ. ನೀರಿನಲ್ಲಿ ನೆನೆಸಿ, 63 ಮೈಕ್ರಾನ್ ಜರಡಿಯ ಮೇಲೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೇಡಿ ಹೋಗುತ್ತದೆ, ಚಿಪ್ಪು ನಿಲ್ಲುತ್ತದೆ. ಯಾವ ನೀರು ಎನ್ನುವುದು ಇಲ್ಲಿ ಮುಖ್ಯ. ನಮ್ಮ ಚಿರೆಕಲ್ಲು ನೆಲದ ಬಾವಿ ನೀರು ಎಷ್ಟೋ ಕಡೆ ಸ್ವಲ್ಪ ಆಮ್ಲೀಯ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲದಲ್ಲಿ ಕರಗುತ್ತದೆ. ಭಟ್ಟಿ ಇಳಿಸಿದ ನೀರು ಬಳಸಿ, ಅದರ ಆಮ್ಲೀಯತೆಯನ್ನೂ ಒಮ್ಮೆ ಪರೀಕ್ಷಿಸಿ, ತೊಳೆದದ್ದನ್ನು ಒದ್ದೆಯಾಗಿ ಬಹಳ ಹೊತ್ತು ಇಡಬೇಡಿ.

ಪ್ರತಿ ಮಾದರಿ ಆದ ಮೇಲೆ ಜರಡಿಯನ್ನು ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದುವ ಹಳೆಯ ಉಪಾಯ ಇಂದಿಗೂ ಒಳ್ಳೆಯದು. ಸಂದಿಯಲ್ಲಿ ಸಿಕ್ಕಿಕೊಂಡ ಹಿಂದಿನ ಮಾದರಿಯ ಚಿಪ್ಪು ನೀಲಿಯಾಗುತ್ತದೆ. ಮುಂದಿನ ಮಾದರಿಯಲ್ಲಿ ನೀಲಿ ಚಿಪ್ಪು ಕಂಡರೆ ತೆಗೆದು ಬಿಸಾಕಿ.

ಈಗ ಸೂಕ್ಷ್ಮದರ್ಶಕ, ತೆಳ್ಳನೆ ಕುಂಚ, ತಾಳ್ಮೆ. ಒಂದೇ ಜಾತಿ, ಒಂದೇ ಗಾತ್ರ ಎಂಬ ನಿಯಮವನ್ನು ಸಡಿಲ ಬಿಡಬೇಡಿ. ಕಡಲಿನ ಮೇಲ್ಪದರಕ್ಕೆ ಬಿಳಿ ಬಣ್ಣದ ಗ್ಲೋಬಿಜೆರಿನಾಯ್ಡಿಸ್ ರೂಬರ್, 250ರಿಂದ 355 ಮೈಕ್ರಾನ್ ಗಾತ್ರದ್ದು. ತಳದ ನೀರಿಗೆ ಸಿಬಿಸಿಡಾಯ್ಡಿಸ್ ಅಥವಾ ಯುವಿಜೆರಿನಾ. ಒಂದೇ ನೀರಿನಲ್ಲಿ ಬದುಕಿದರೂ ಈ ಎರಡರ ಅಂಕಿಗಳ ನಡುವೆ 0.64‰ ವ್ಯತ್ಯಾಸ ಇರುತ್ತದೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಬೆರೆಸಿ ಅಳೆದರೆ ಇಲ್ಲದ ಹವಾಮಾನ ಬದಲಾವಣೆ ನಿಮ್ಮ ನಕ್ಷೆಯಲ್ಲಿ ಹುಟ್ಟಿಕೊಳ್ಳುತ್ತದೆ.

ಆರಿಸುವಾಗ ಗುಲಾಬಿ ಬಣ್ಣದ ರೂಬರ್ ಕಂಡರೆ ಪಕ್ಕಕ್ಕಿಟ್ಟು ಆಳ ಬರೆದುಕೊಳ್ಳಿ. ಹಿಂದೂ ಮಹಾಸಾಗರದಲ್ಲಿ ಈ ಗುಲಾಬಿ ಬಗೆ ಸುಮಾರು 1,20,000 ವರ್ಷದ ಹಿಂದೆಯೇ ಕಾಣೆಯಾಯಿತು. ಅಂದರೆ ಆ ಪದರ ಅದಕ್ಕಿಂತ ಹಳೆಯದು. ಖರ್ಚಿಲ್ಲದೆ ಸಿಗುವ ಕಾಲಸೂಚಿ.

ಹಂತ 4: ಯಂತ್ರಕ್ಕೆ ಕೊಡುವುದು

ಹತ್ತು ಚಿಪ್ಪು ಸೇರಿದರೆ ಸುಮಾರು 100 ಮೈಕ್ರೋಗ್ರಾಂ. ಅಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಈಗಿನ ಮಾಸ್ ಸ್ಪೆಕ್ಟ್ರೋಮೀಟರಿಗೆ ಅಷ್ಟು ಸಾಕು. ಚಿಪ್ಪನ್ನು ಮೆಥನಾಲಿನಲ್ಲಿ ಕೆಲವು ಸೆಕೆಂಡು ಅಲ್ಟ್ರಾಸೌಂಡಿಗೆ ಒಡ್ಡಿ ಒಳಗಿನ ಜೇಡಿ ಬಿಡಿಸುತ್ತಾರೆ. ಯಂತ್ರದಲ್ಲಿ ಅದನ್ನು 70 ಡಿಗ್ರಿ ಆಸುಪಾಸಿನ ಫಾಸ್ಫಾರಿಕ್ ಆಮ್ಲ ಕರಗಿಸುತ್ತದೆ. ಹೊರಡುವ ಇಂಗಾಲದ ಡೈಆಕ್ಸೈಡನ್ನು 44, 45, 46 ತೂಕದ ಮೂರು ಗುಂಪಾಗಿ ಎಣಿಸುತ್ತಾರೆ. ಆಕ್ಸಿಜನ್ ಮತ್ತು ಕಾರ್ಬನ್ ಎರಡರ ಡೆಲ್ಟಾವೂ ಒಟ್ಟಿಗೇ ಬರುತ್ತವೆ.

ಫಲಿತಾಂಶದ ಹಾಳೆ ಕೈಗೆ ಬಂದಾಗ ನಿಮ್ಮ ಅಂಕಿಗಿಂತ ಮೊದಲು ಪ್ರಮಾಣ ವಸ್ತುವಿನ ಅಂಕಿ ನೋಡಿ. ಎನ್‌ಬಿಎಸ್-19 ಎಂಬ ಪ್ರಮಾಣ ವಸ್ತುವಿಗೆ ಆಕ್ಸಿಜನ್ −2.20‰, ಕಾರ್ಬನ್ +1.95‰ ಎಂದು ಒಪ್ಪಿಕೊಂಡಿದ್ದಾರೆ. ಅದರ ದಾಸ್ತಾನು ಮುಗಿದು ಈಗ ಐಎಇಎ-603 ಬಂದಿದೆ. ಪ್ರಮಾಣವೇ 0.1‰ಗಿಂತ ಜಾಸ್ತಿ ಅಲುಗಾಡಿದ ದಿನದ ಅಳತೆಗಳನ್ನು ಮತ್ತೆ ಮಾಡಿಸಿ. ಹತ್ತು ಮಾದರಿಗೆ ಒಂದನ್ನಾದರೂ ಎರಡು ಸಲ ಅಳೆಸಿ.

ಹಂತ 5: ವಯಸ್ಸು ಕಟ್ಟುವುದು

ನನ್ನ ಅಭಿಪ್ರಾಯದಲ್ಲಿ ಹಣ ಕಡಿಮೆ ಇದ್ದರೆ ಐಸೋಟೋಪ್ ಅಳತೆ ಕಡಿಮೆ ಮಾಡಿ, ವಯಸ್ಸಿನ ಅಳತೆ ಕಡಿಮೆ ಮಾಡಬೇಡಿ. ವಯಸ್ಸು ಗೊತ್ತಿಲ್ಲದ ಸೊಗಸಾದ ನಕ್ಷೆಯಿಂದ ಏನೂ ಉಪಯೋಗ ಇಲ್ಲ.

50,000 ವರ್ಷದವರೆಗೆ ಕಾರ್ಬನ್-14 ಸಾಕು. ಅದರ ಅರ್ಧಾಯುಷ್ಯ 5730 ವರ್ಷ. ಒಂದು ಮಿಲಿಗ್ರಾಂ ಕಾರ್ಬನ್ ಬೇಕೆಂದರೆ ಎಂಟು ಮಿಲಿಗ್ರಾಮಿಗಿಂತ ಜಾಸ್ತಿ ಚಿಪ್ಪು ಬೇಕು, ಅಂದರೆ ನೂರಾರು ಚಿಪ್ಪು. ಆರಿಸುವಾಗಲೇ ಇದನ್ನು ಲೆಕ್ಕ ಹಾಕಿ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ ಮತ್ತು ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಇದಕ್ಕೆ ಬೇಕಾದ ವೇಗವರ್ಧಕ ಯಂತ್ರಗಳಿವೆ.

ಬಂದ ವಯಸ್ಸನ್ನು ಹಾಗೇ ಬಳಸುವಂತಿಲ್ಲ. ಕಡಲ ನೀರಿನ ಕಾರ್ಬನ್ ಗಾಳಿಯ ಕಾರ್ಬನ್ನಿಗಿಂತ ಹಳೆಯದು, ಹಾಗಾಗಿ ಇವತ್ತು ಸತ್ತ ಚಿಪ್ಪೂ ಕೆಲವು ನೂರು ವರ್ಷ ಹಳೆಯದೆಂದು ತೋರಿಸುತ್ತದೆ. 2020ರಲ್ಲಿ ಬಂದ ಮರೈನ್20 ಎಂಬ ರೇಖೆಯಿಂದ ಇದನ್ನು ಸರಿಮಾಡಬೇಕು. ಮುಂಗಾರಿನಲ್ಲಿ ನಮ್ಮ ಕರಾವಳಿಯ ಪಕ್ಕ ಕೆಳಗಿನ ಹಳೆಯ ನೀರು ಮೇಲೇಳುತ್ತದೆ, ಆದ್ದರಿಂದ ಸ್ಥಳೀಯ ತಿದ್ದುಪಡಿಯೂ ಬೇಕು. ತಿದ್ದುಪಡಿಗೆ ಯಾವ ಬೆಲೆ ಬಳಸಿದಿರಿ ಎಂದು ಬರೆದಿಡಿ. ಮುಂದೆ ಯಾರಾದರೂ ಬದಲಿಸಬೇಕಾದೀತು.

ಹಂತ 6: ಬಿಲ್ಲು ಬಿಡಿಸುವುದು

ಇನ್ನು ಅಸಲಿ ವಿಷಯ. ಇಲ್ಲಿರುವ ಚಿಪ್ಪಿನ ಅಂಕಿಗಳು ವಿವರಿಸಲು ನಾನು ಇಟ್ಟುಕೊಂಡವು, ಯಾವುದೋ ಕೋರ್‌ನವಲ್ಲ. ಕಾರವಾರದ ಎದುರಿನ ಇಳಿಜಾರಿನಲ್ಲಿ ಮೇಲಿನ ಪದರದ ರೂಬರ್ −2.4‰, ಹಿಮಯುಗದ ಪದರದ್ದು −0.5‰ ಎಂದುಕೊಳ್ಳಿ. ವ್ಯತ್ಯಾಸ 1.9‰.

ಮೇಲಿನ ಪದರ ಸರಿ ಇದೆಯೇ ಎಂದು ಮೊದಲು ನೋಡೋಣ. ಬಳಕೆಯಲ್ಲಿರುವ ಒಂದು ಸೂತ್ರ ಹೀಗಿದೆ: ತಾಪ = 14.9 − 4.80 × (ಚಿಪ್ಪಿನ ಡೆಲ್ಟಾ − ನೀರಿನ ಡೆಲ್ಟಾ). ನೀರಿನ ಅಳತೆಯ ಮಾನ ಬೇರೆ, ಹಾಗಾಗಿ ಅದರಿಂದ 0.27 ಕಳೆಯಬೇಕು. ನೀರು +0.6‰ ಎಂದಿಟ್ಟರೆ 0.33 ಆಯಿತು. ಆವರಣದೊಳಗೆ −2.73. ಉತ್ತರ ಸುಮಾರು 28 ಡಿಗ್ರಿ. ನಮ್ಮ ಕಡಲಿಗೆ ಹೊಂದುವ ಅಂಕಿ. ಈಗ ನೀರಿನ ಅಂಕಿಯನ್ನು 0.6ರ ಬದಲು 0.1 ಎಂದು ಹಿಡಿದು ನೋಡಿ: 25.6 ಡಿಗ್ರಿ. ನೀರಿನ ಊಹೆಯಲ್ಲಿ ಅರ್ಧ ‰ ತಪ್ಪಿದರೆ ಎರಡೂವರೆ ಡಿಗ್ರಿ ಹತ್ತಿರ ತಪ್ಪುತ್ತದೆ. ಚಿಪ್ಪಿನ ಆಕ್ಸಿಜನ್ ಒಂದರಿಂದಲೇ ಬಿಸಿ ಹೇಳುವವರನ್ನು ನಾನು ನಂಬದಿರುವುದು ಇದಕ್ಕೇ.

ಈಗ 1.9ನ್ನು ಒಡೆಯೋಣ. ಹಿಮದ ಪಾಲು ಜಗತ್ತಿಗೆಲ್ಲ ಒಂದೇ, ಹಿಮಯುಗದ ಉತ್ತುಂಗಕ್ಕೆ ಸುಮಾರು 1.0‰. ಉಳಿದದ್ದು 0.9.

ಬಿಸಿಯ ಪಾಲಿಗೆ ಬೇರೆ ಸಾಕ್ಷಿ ಬೇಕು. ಅದೇ ಜಾತಿಯ ಚಿಪ್ಪಿನಲ್ಲಿ ಕ್ಯಾಲ್ಸಿಯಂ ಜೊತೆ ಸ್ವಲ್ಪ ಮೆಗ್ನೀಸಿಯಂ ಸೇರಿರುತ್ತದೆ. ನೀರು ಒಂದು ಡಿಗ್ರಿ ಬಿಸಿಯಾದರೆ ಅದರ ಅನುಪಾತ ಸುಮಾರು 9 ಶೇಕಡಾ ಏರುತ್ತದೆ. 28 ಡಿಗ್ರಿಗೆ ಒಂದು ಮೋಲ್ ಕ್ಯಾಲ್ಸಿಯಂಗೆ 4.7 ಮಿಲಿಮೋಲ್ ಇದ್ದರೆ 25.5 ಡಿಗ್ರಿಗೆ 3.8 ಹತ್ತಿರ. ನಮ್ಮ ಉದಾಹರಣೆಯಲ್ಲಿ ಹೀಗೇ ಬಂತು ಎನ್ನಿ: ಹಿಮಯುಗದಲ್ಲಿ ಎರಡೂವರೆ ಡಿಗ್ರಿ ತಂಪು. ಡಿಗ್ರಿಗೆ 0.22‰ ಲೆಕ್ಕದಲ್ಲಿ 0.55. ಒಂದು ಎಚ್ಚರಿಕೆ: ಘಟ್ಟದ ಜೇಡಿಯಲ್ಲೂ ಮೆಗ್ನೀಸಿಯಂ ಇರುತ್ತದೆ. ಚಿಪ್ಪು ಚೆನ್ನಾಗಿ ತೊಳೆಯದಿದ್ದರೆ ಕಡಲು ಸುಳ್ಳೇ ಬಿಸಿಯಾಗಿ ಕಾಣುತ್ತದೆ. ಅದೇ ಮಾದರಿಯಲ್ಲಿ ಅಲ್ಯುಮಿನಿಯಂ, ಕಬ್ಬಿಣ ಜಾಸ್ತಿ ಕಂಡರೆ ಆ ಅಳತೆ ಬಿಡಿ.

0.9ರಲ್ಲಿ 0.55 ಕಳೆದರೆ 0.35‰. ಇದು ನಮ್ಮೂರಿನ ಪಾಲು. ಹಿಮಯುಗದಲ್ಲಿ ಮೇಲ್ಪದರದ ನೀರು ಇಷ್ಟು ಭಾರವಾಗಿತ್ತು, ಅಂದರೆ ಹೆಚ್ಚು ಉಪ್ಪು, ಕಡಿಮೆ ಸಿಹಿನೀರು. ಮುಂಗಾರು ಸೊರಗಿತ್ತು ಎಂದು ಬರೆಯಲು ಕೈ ತುರಿಸುತ್ತದೆ. ಸ್ವಲ್ಪ ತಡೆಯಿರಿ. ಹಿಮದ ಪಾಲಿನಲ್ಲಿ 0.1, ಯಂತ್ರದಲ್ಲಿ 0.1, ತಾಪದಲ್ಲಿ ಒಂದು ಡಿಗ್ರಿ ಅಂದರೆ 0.22ರ ಅನಿಶ್ಚಿತತೆ ಇದೆ. ಮೂರನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 0.26. ನಿಮ್ಮ ಸಂಕೇತ 0.35, ಅನಿಶ್ಚಿತತೆ 0.26. ಒಂದೇ ಬಿಂದುವಿನ ಮೇಲೆ ನಿಂತು ಇಷ್ಟು ದೊಡ್ಡ ಮಾತು ಆಡುವಂತಿಲ್ಲ. ಅಕ್ಕಪಕ್ಕದ ಹಲವು ಪದರಗಳು ಒಂದೇ ದಿಕ್ಕು ತೋರಿಸಿದರೆ ಮಾತ್ರ ಬರೆಯಿರಿ.

ಇನ್ನೂ ಒಂದು ತೊಡಕು ನಮ್ಮ ಕಡಲಿಗೇ ವಿಶೇಷ. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯ ನೀರು ಶ್ರೀಲಂಕಾ ಸುತ್ತಿ ಪಶ್ಚಿಮ ಕರಾವಳಿಯುದ್ದಕ್ಕೂ ಮೇಲೆ ಬರುತ್ತದೆ. ಚಿಪ್ಪು ಹಗುರಾಗಿದ್ದರೆ ಅದು ಶರಾವತಿಯ ನೀರೂ ಇರಬಹುದು, ಗಂಗೆಯ ನೀರೂ ಇರಬಹುದು. ದಕ್ಷಿಣದ ಕೋರ್ ಒಂದರ ಜೊತೆ ಹೋಲಿಸದೆ ಇದನ್ನು ತೀರ್ಮಾನಿಸಲು ಆಗುವುದಿಲ್ಲ.

ಕಾರ್ಬನ್-13 ಬಗ್ಗೆ ಎರಡೇ ಮಾತು. ತಳದ ಫೊರಾಮಿನಲ್ಲಿ ಅದು ಆಳದ ನೀರಿನ ಸಂಚಾರ ಹೇಳುತ್ತದೆ. ಕೆಸರಿನ ಸಾವಯವ ಪದಾರ್ಥದಲ್ಲಿ, ಮರಗಿಡ ಕಾಡಿನದ್ದಾದರೆ −27‰ ಆಸುಪಾಸು, ಒಣ ಹವೆಯ ಹುಲ್ಲಿನದ್ದಾದರೆ −13‰ ಆಸುಪಾಸು.

ಕೋರ್ ಇಲ್ಲದವರಿಗೆ

ಕಂಪ್ಯೂಟರ್ ಇದ್ದರೆ ಸಾಕು. 2005ರಲ್ಲಿ ಲಿಸಿಯೆಕಿ ಮತ್ತು ರೇಮೊ 57 ಕಡೆಯ ತಳದ ಫೊರಾಮ್ ದಾಖಲೆ ಸೇರಿಸಿ 53 ಲಕ್ಷ ವರ್ಷದ ಒಂದೇ ರೇಖೆ ಮಾಡಿದರು. ಎಲ್‌ಆರ್04 ಎಂದು ಹುಡುಕಿದರೆ ಉಚಿತವಾಗಿ ಸಿಗುತ್ತದೆ. ಇತ್ತೀಚಿನ ಐದು ಲಕ್ಷ ವರ್ಷ ಮಾತ್ರ ತೆಗೆದುಕೊಂಡು ನಕ್ಷೆ ಎಳೆಯಿರಿ. ನಿಂತ ಅಕ್ಷವನ್ನು ತಲೆಕೆಳಗು ಮಾಡಿ, ದೊಡ್ಡ ಅಂಕಿ ಕೆಳಗೆ ಬರಲಿ, ಆಗ ಬೆಚ್ಚಗಿನ ಕಾಲ ಮೇಲೆ ಕಾಣುತ್ತದೆ. ಈಗಿನಿಂದ ಹಿಂದಕ್ಕೆ ಎಣಿಸುತ್ತ ಹೋದರೆ ಬೆಸ ಸಂಖ್ಯೆಯ ಹಂತಗಳು ಬೆಚ್ಚಗಿನವು, ಸಮ ಸಂಖ್ಯೆಯವು ತಣ್ಣಗಿನವು. ಮೂರನೆಯದು ಮಾತ್ರ ಪೂರ್ತಿ ಬೆಚ್ಚಗಿನದಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ. ಈ ರೇಖೆಯಲ್ಲಿ ನಮ್ಮ ಮಳೆ ಹುಡುಕಬೇಡಿ, ಇದರಲ್ಲಿರುವುದು ಮುಖ್ಯವಾಗಿ ಹಿಮ ಮತ್ತು ಆಳದ ನೀರಿನ ಬಿಸಿ.

ಹಂತ 7: ಅಕ್ಕಪಕ್ಕದ ಸಾಕ್ಷಿ ಕೇಳುವುದು

ನಮ್ಮ ಜಿಲ್ಲೆ ಈ ವಿಷಯದಲ್ಲಿ ಪುಣ್ಯ ಮಾಡಿದೆ. ಕಾರವಾರದ ಎದುರು ತೆಗೆದ ಕೋರ್‌ಗಳ ಪರಾಗ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಸುಮಾರು 3500 ವರ್ಷದಿಂದೀಚೆಗೆ ಇಲ್ಲಿನ ಹವೆ ಮೊದಲಿಗಿಂತ ಒಣಗಿತು ಎಂಬುದು ಅದರ ತೀರ್ಮಾನ. ಪರಾಗಕ್ಕೂ ಆಕ್ಸಿಜನ್ನಿಗೂ ಸಂಬಂಧ ಇಲ್ಲ, ಹಾಗಾಗಿಯೇ ಅದು ಒಳ್ಳೆಯ ಸಾಕ್ಷಿ. ಮರುವರ್ಷ, 1995ರಲ್ಲಿ, ಗೋವಾದ ಸಾಗರ ವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಜೊತೆಗಾರರು ಕಾರವಾರದ ಎದುರಿನ ಕೋರ್‌ನಲ್ಲೇ ತಳದ ಫೊರಾಮ್‌ಗಳ ಚಿಪ್ಪಿನ ಮೊದಲ ಕೋಣೆಯ ಗಾತ್ರ ಅಳೆದು, 77 ವರ್ಷಕ್ಕೊಮ್ಮೆ ಮರಳುವ ಬರಗಾಲದ ಆವರ್ತ ಕಂಡರು. ಐಸೋಟೋಪ್ ಯಂತ್ರ ಇಲ್ಲದೆಯೂ ಮಾಡಬಹುದಾದ ಕೆಲಸ.

ಮೂರನೆಯ ಸಾಕ್ಷಿ ಕಡಲಿನದ್ದಲ್ಲ. ಉತ್ತರ ಕನ್ನಡದ ಅಕಳಗವಿಯಲ್ಲಿ ಸುಣ್ಣದ ಹನಿಯಿಂದ ಬೆಳೆದ ಕಂಬವೊಂದರ ಪದರಗಳಿಂದ 331 ವರ್ಷದ ಮಳೆಯ ದಾಖಲೆ ಸಿಕ್ಕಿದೆ, ಪ್ರಕಟವಾದದ್ದು 2004ರಲ್ಲಿ. ಇಲ್ಲೂ ಅದೇ ಆಕ್ಸಿಜನ್-18, ಹಗುರಾದಷ್ಟೂ ಮಳೆ ಜಾಸ್ತಿ. ಕಡಲ ಚಿಪ್ಪಿಗಿಂತ ಇದು ನೆಲದ ಮಳೆಗೆ ಹತ್ತಿರ.

ಆದರೆ ಗುಹೆಯ ದಾಖಲೆಗೆ ನಿಮ್ಮ ಕೋರ್ ಜೋಡಿಸಬೇಕೆಂದರೆ ಕೋರ್‌ನ ತುದಿಯಲ್ಲಿ ಈ ಮುನ್ನೂರು ವರ್ಷ ಉಳಿದಿರಬೇಕು. ಭಾರದ ಕೊಳವೆ ತಳಕ್ಕೆ ಬಡಿಯುವಾಗ ಮೇಲಿನ ಮೆತ್ತನೆ ಕೆಸರು ಎಷ್ಟೋ ಸಲ ಹಾರಿಹೋಗುತ್ತದೆ. ಅದಕ್ಕೇ ಅದೇ ಜಾಗದಲ್ಲಿ ಪೆಟ್ಟಿಗೆ ಕೋರ್ ಒಂದನ್ನೂ, ಅಂದರೆ ಮೇಲಿನ ಕೆಸರನ್ನು ಕಲಕದೆ ಪೆಟ್ಟಿಗೆಯಲ್ಲಿ ಎತ್ತಿದ್ದನ್ನೂ, ತೆಗೆಸಿಕೊಳ್ಳಿ. ಅದರ ಮೇಲಿನ ಭಾಗಕ್ಕೆ ಸೀಸ-210 ಅಳೆಸಿ, ಅರ್ಧಾಯುಷ್ಯ ಸುಮಾರು 22 ವರ್ಷ, ಕಳೆದ ನೂರು ನೂರೈವತ್ತು ವರ್ಷಕ್ಕೆ ವಯಸ್ಸು ಕೊಡುತ್ತದೆ. ಆಗ ಮಳೆಮಾಪಕದ ಲೆಕ್ಕ, ಗುಹೆಯ ಪದರ, ಚಿಪ್ಪಿನ ಅಂಕಿ ಮೂರನ್ನೂ ಒಂದೇ ಹಾಳೆಯ ಮೇಲೆ ಒಂದರ ಕೆಳಗೊಂದು ಎಳೆದು ನೋಡಬಹುದು.